ಒಂದೇ ಗುಡ್ಡ, ಒಂದೇ ಗುಹೆ: ಕೋಲಾರದ ಎಲೆಮೂಗಿನ ಬಾವಲಿಯ ಪ್ರಕರಣ

ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು ದಾಟಿ ತಿರುಪತಿ ಕಡೆ ಹೋಗಿದ್ದರೆ ಆ ಸೀಮೆಯ ಕಲ್ಲುಗುಡ್ಡಗಳನ್ನು ನೀವು ನೋಡಿಯೇ ಇರುತ್ತೀರಿ. ಬಂಡೆಯ ಮೇಲೆ ಬಂಡೆ, ಸಂದಿಯಲ್ಲಿ ಒಂದಿಷ್ಟು ಕುರುಚಲು ಗಿಡ, ಅಷ್ಟೇ. ಕೋಲಾರ ಜಿಲ್ಲೆಯ ಹನುಮನಹಳ್ಳಿಯಲ್ಲೂ ಅಂಥದ್ದೇ ಒಂದು ಗುಡ್ಡ ಇದೆ. ಆ ಗುಡ್ಡದ ಗುಹೆಯಲ್ಲಿ ಕೋಲಾರ ಎಲೆಮೂಗಿನ ಬಾವಲಿ ವಾಸ ಮಾಡುತ್ತದೆ. ಈ ಜಾತಿಯ ಬಾವಲಿ ಈಗ ಇರುವುದು ಗೊತ್ತಾಗಿರುವುದು ಇಡೀ ಪ್ರಪಂಚದಲ್ಲಿ ಅದೊಂದೇ ಕಡೆ. ಎಣಿಸಿದಾಗ ಸಿಕ್ಕಿದ ಸಂಖ್ಯೆ 200ಕ್ಕಿಂತ ಕಡಿಮೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು 2016ರಲ್ಲಿ ಅಳಿವಿನ ಅಂಚಿಗೆ ತೀರಾ ಹತ್ತಿರ ಬಂದಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಅದರ ಮುಂದಿನ ಮೆಟ್ಟಿಲು, ಕಾಡಿನಲ್ಲಿ ಇಲ್ಲವಾಯಿತು ಅನ್ನೋದು.

ಹುಲಿ, ಆನೆ ವಿಷಯ ಬಂದರೆ ಕಾಡು ಅಂತ ಒಂದು ಇರುತ್ತದೆ. ಅದಕ್ಕೊಂದು ಗಡಿ, ಗಡಿಗೊಬ್ಬ ಗಾರ್ಡ್, ಕೇಳೋಕೆ ಒಂದು ಇಲಾಖೆ. ಹನುಮನಹಳ್ಳಿಯಲ್ಲಿ ಇರುವುದು ಬಂಡೆ. ಆ ಬಂಡೆ ಯಾವ ಇಲಾಖೆಯ ಫೈಲಿನಲ್ಲಿದೆ, ಪಹಣಿಯಲ್ಲಿ ಅದಕ್ಕೆ ಏನಂತ ಬರೆದಿದೆ, ಅದರ ಮೇಲೆ ಒಂದು ಇಡೀ ಜೀವಜಾತಿಯ ಉಳಿವು ನಿಂತುಬಿಟ್ಟಿದೆ. ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಪ್ರಾಣಿಯನ್ನು ಕಾಯುವುದು ಅಂದರೆ ಇಲ್ಲಿ ಕಲ್ಲನ್ನು ಕಾಯುವುದು. ಕಲ್ಲನ್ನು ಕಾಯೋಕೆ ನಮ್ಮ ಕಾನೂನುಗಳು ಅಷ್ಟು ಸುಲಭಕ್ಕೆ ಒದಗಿ ಬರುವುದಿಲ್ಲ.

ಮೊದಲು ಪ್ರಾಣಿ ಎಂಥದ್ದು ನೋಡೋಣ. ಎಲೆಮೂಗಿನ ಬಾವಲಿಗಳದ್ದು ದೊಡ್ಡ ಕುಟುಂಬ. ಆಫ್ರಿಕಾ, ದಕ್ಷಿಣ ಏಷ್ಯಾ, ಆಸ್ಟ್ರೇಲಿಯಾ ಹೀಗೆ ಬಿಸಿ ಸೀಮೆಗಳಲ್ಲೆಲ್ಲ ಹರಡಿಕೊಂಡಿವೆ. ಎಲ್ಲವೂ ಹುಳ ತಿನ್ನುವವು. ಹಣ್ಣಿನ ತೋಟಕ್ಕೆ ಬರುವ ದೊಡ್ಡ ತೊಗಲುಬಾವಲಿಗೂ ಇವಕ್ಕೂ ಊಟದಲ್ಲಿ, ಗಾತ್ರದಲ್ಲಿ, ನಡವಳಿಕೆಯಲ್ಲಿ ಯಾವುದರಲ್ಲೂ ಹೋಲಿಕೆ ಇಲ್ಲ. ಕೋಲಾರದ ಜಾತಿ ಇವುಗಳಲ್ಲೂ ಪುಟ್ಟದು. ಅದರ ಮುಂಗೈ ಮೂಳೆ ಸುಮಾರು 4 ಸೆಂಟಿಮೀಟರ್. ರೆಕ್ಕೆ ಮಡಚಿಕೊಂಡರೆ ಮುಷ್ಟಿಯೊಳಗೆ ಅಡಗುವಷ್ಟು ಜೀವ.

ಮುಖವನ್ನು ಹತ್ತಿರದಿಂದ ನೋಡಿದರೆ ಮೊದಲು ಕಾಣುವುದು ಮೂಗು. ಮೂಗಿನ ಹೊಳ್ಳೆಗಳ ಕೆಳಗೆ, ಅಕ್ಕಪಕ್ಕ ಲಾಳದ ಆಕಾರದಲ್ಲಿ ಚರ್ಮದ ಪದರ. ಮೇಲೆ ಅಡ್ಡಕ್ಕೆ ಇನ್ನೊಂದು ಮಡಿಕೆ. ನೋಡೋಕೆ ವಿಚಿತ್ರ ಅನ್ನಿಸಿದರೂ ಅದರ ಇಡೀ ಬದುಕು ಆ ಪದರಗಳ ಮೇಲೆ ನಿಂತಿದೆ. ಈ ಬಾವಲಿ ಕೂಗುವುದು ಬಾಯಿಂದ ಅಲ್ಲ, ಮೂಗಿನಿಂದ. ಆ ಶಬ್ದವನ್ನು ಎಲೆಯಂಥ ಮೂಗು ಒಂದು ದಿಕ್ಕಿಗೆ ಕೂಡಿಸಿ ಕಳಿಸುತ್ತದೆ, ಹುಳಕ್ಕೆ ಬಡಿದು ವಾಪಸ್ ಬಂದ ಮಾರ್ದನಿಯನ್ನು ಕಿವಿ ಹಿಡಿಯುತ್ತದೆ. ನಮ್ಮ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಜ್ ತನಕ ಕೇಳಿಸುತ್ತದೆ, ಇದರ ಕೂಗು 100 ಕಿಲೋಹರ್ಟ್ಜ್ ದಾಟಿದ್ದು. ಕೂಗಿನ ಹೆಚ್ಚಿನ ಭಾಗ ಒಂದೇ ಸಮನಾದ ಸ್ವರ, ಕೊನೆಯಲ್ಲಿ ಮಾತ್ರ ಸ್ವಲ್ಪ ಕೆಳಗಿಳಿಯುತ್ತದೆ. ಒಂದೇ ಸ್ವರ ಯಾಕೆ ಅಂದರೆ, ಪತಂಗ ರೆಕ್ಕೆ ಬಡಿದಾಗ ಮಾರ್ದನಿಯಲ್ಲಿ ಸಣ್ಣ ಏರಿಳಿತ ಉಂಟಾಗುತ್ತದೆ. ಕತ್ತಲಲ್ಲಿ, ಎಲೆಗಳ ಸಂದಿಯಲ್ಲಿ, ಅಲ್ಲಾಡದ ಎಲೆ ಯಾವುದು, ರೆಕ್ಕೆ ಬಡಿಯುವ ಹುಳ ಯಾವುದು ಅಂತ ಅದರಿಂದಲೇ ಗೊತ್ತಾಗುತ್ತದೆ.

ಇಷ್ಟು ಎತ್ತರದ ಸ್ವರ ಗಾಳಿಯಲ್ಲಿ ಬಹಳ ದೂರ ಹೋಗುವುದಿಲ್ಲ, ಕೆಲವೇ ಮೀಟರ್‌ಗೆ ಸತ್ತುಹೋಗುತ್ತದೆ. ಹಾಗಾಗಿ ಇಂಥ ಬಾವಲಿಗಳು ಅಗಲ ರೆಕ್ಕೆ ಬಡಿಯುತ್ತಾ, ಗಿಡಗಂಟಿ, ಬೇಲಿ ಸಾಲುಗಳಿಗೆ ತಾಗಿಕೊಂಡು ನಿಧಾನಕ್ಕೆ ಹಾರಿ ಬೇಟೆಯಾಡುತ್ತವೆ. ಬಯಲಲ್ಲಿ ಎತ್ತರಕ್ಕೆ ಹಾರಿ ರಾತ್ರಿಗೆ ಎಷ್ಟೋ ದೂರ ಹೋಗಿ ಬರುವ ಬಾವಲಿಗಳೂ ಇವೆ, ಎಲೆಮೂಗಿನವು ಆ ಪೈಕಿ ಅಲ್ಲ. ಈ ವಿಷಯ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ಇನ್ನೊಂದು ವಿಷಯವೂ ಇದೆ. ಈ ಗುಂಪಿನ ಹೆಣ್ಣು ಬಾವಲಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಇಲಿಯಷ್ಟೇ ಗಾತ್ರ ಅಂತ ಇಲಿ ಲೆಕ್ಕ ಹಾಕೋಕೆ ಆಗಲ್ಲ. ಐವತ್ತು ಸತ್ತರೆ ಆ ಐವತ್ತು ತುಂಬಿ ಬರೋಕೆ ವರ್ಷಗಳೇ ಬೇಕು.

ಈ ಬಾವಲಿ ಬೇರೆ ಜಾತಿ ಅಂತ ವಿಜ್ಞಾನಕ್ಕೆ ಗೊತ್ತಾಗಿದ್ದು 1994ರಲ್ಲಿ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಎಚ್.ಆರ್. ಭಟ್ ಮತ್ತು ಜರ್ಮನಿಯ ಫ್ರಾಂಕ್‌ಫರ್ಟ್‌ನ ಸೆಂಕೆನ್‌ಬರ್ಗ್ ಮ್ಯೂಸಿಯಮ್ಮಿನ ಡೀಟರ್ ಕಾಕ್ ಸೇರಿ ಅದಕ್ಕೆ ಹಿಪ್ಪೊಸಿಡೆರೋಸ್ ಹೈಪೊಫಿಲಸ್ ಅಂತ ಹೆಸರಿಟ್ಟರು. ಆಗ ಗೊತ್ತಿದ್ದ ಜಾಗಗಳು ಎರಡು, ಹನುಮನಹಳ್ಳಿ ಮತ್ತು ತೇರಹಳ್ಳಿ. ಎರಡೂ ಕೋಲಾರ ಜಿಲ್ಲೆಯವೇ. ಆಮೇಲೆ ಎಷ್ಟೋ ವರ್ಷ ಇದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು, ಚೆಲ್ಮಲ ಶ್ರೀನಿವಾಸುಲು ಮತ್ತು ಅವರ ತಂಡ ಹುಡುಕಿಕೊಂಡು ಬಂದಾಗ ತೇರಹಳ್ಳಿಯ ಗುಹೆಯಲ್ಲಿ ಒಂದೂ ಇರಲಿಲ್ಲ. ಎರಡು ಮನೆ ಇದ್ದ ಜೀವಕ್ಕೆ ಒಂದೇ ಮನೆ ಉಳಿದಿತ್ತು.

ಅದೇ ಹನುಮನಹಳ್ಳಿಯಲ್ಲಿ ಅವರಿಗೆ ಇನ್ನೊಂದು ಜಾತಿಯೂ ಸಿಕ್ಕಿತು, ದುರ್ಗಾದಾಸ್ ಎಲೆಮೂಗಿನ ಬಾವಲಿ. ಇದನ್ನು 1970ರಲ್ಲಿ ಮಧ್ಯಪ್ರದೇಶದ ಜಬಲ್ಪುರ ಕಡೆಯಿಂದ ಪ್ರಾಣಿಶಾಸ್ತ್ರಜ್ಞ ಖಜೂರಿಯಾ ಮೊದಲು ವರ್ಣಿಸಿದ್ದರು. ಅಷ್ಟು ದೂರದ ಜಾತಿ ಕೋಲಾರದಲ್ಲಿದೆ ಅನ್ನೋದೇ ದೊಡ್ಡ ಸುದ್ದಿ. ಎರಡೂ ಒಂದೇ ಕುಲದ ಪುಟ್ಟ ಬಾವಲಿಗಳು, ಹಾರುವಾಗ ನೋಡಿ ಯಾವುದು ಯಾವುದು ಅಂತ ಹೇಳೋದು ಕಷ್ಟ. ಆದರೆ ಎರಡರ ಸ್ವರದ ಎತ್ತರ ಬೇರೆ ಬೇರೆ. ಶಬ್ದ ಹಿಡಿಯುವ ಉಪಕರಣವನ್ನು ಗುಹೆಯ ಬಾಯಲ್ಲಿ ಇಟ್ಟರೆ ಹೊರಗೆ ಬಂದದ್ದು ಯಾವುದು ಅಂತ ಮುಟ್ಟದೆ, ಬಲೆ ಹಾಕದೆ ಹೇಳಬಹುದು. ಇಷ್ಟು ಕಮ್ಮಿ ಸಂಖ್ಯೆಯ ಪ್ರಾಣಿಯನ್ನು ಎಣಿಸೋಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಈಗ ಕಲ್ಲಿನ ವಿಷಯಕ್ಕೆ ಬರೋಣ. ಕೋಲಾರ ಅಂದರೆ ಹೊರಗಿನವರಿಗೆ ಚಿನ್ನ ನೆನಪಾಗುತ್ತದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಕಲ್ಲಿನ ಕೆಲಸ ಮಾತ್ರ ನಿಲ್ಲಲಿಲ್ಲ. ತೋಟಕ್ಕೆ ಕಲ್ಲುಕಂಬ, ಮನೆಗೆ ಸೈಜುಗಲ್ಲು, ಚರಂಡಿ ಮೇಲೆ ಚಪ್ಪಡಿ, ರಸ್ತೆಗೆ ಜಲ್ಲಿ, ಕಟ್ಟಡಕ್ಕೆ ಪಾಲಿಶ್ ಗ್ರಾನೈಟ್, ಎಲ್ಲವೂ ಇಂಥ ಗುಡ್ಡಗಳಿಂದಲೇ ಬರಬೇಕು. ಬೆಂಗಳೂರು ಬೆಳೆದಷ್ಟೂ ಪಕ್ಕದ ಜಿಲ್ಲೆಗಳ ಬಂಡೆ ಕರಗುತ್ತದೆ. ಇದನ್ನು ಸುಮ್ನೆ ದೂರೋಕೆ ಹೇಳುತ್ತಿಲ್ಲ. ನಾವೆಲ್ಲ ಅದೇ ಜಲ್ಲಿ ಹಾಕಿ ಕಟ್ಟಿದ ಮನೆಗಳಲ್ಲೇ ಇದ್ದೇವೆ, ಕಲ್ಲು ಒಡೆದು ಹೊಟ್ಟೆ ಹೊರೆಯುವ ಕುಟುಂಬಗಳೂ ಎಷ್ಟೋ ಇವೆ.

ಚಪ್ಪಡಿ ತೆಗೆಯುವ ಹಳೆಯ ಪದ್ಧತಿಯಲ್ಲಿ ಬಂಡೆಯ ಮೇಲೆ ಬೆಂಕಿ ಹಾಕುತ್ತಾರೆ. ಸೌದೆ ಹೊತ್ತಿಸಿ, ಬೆಂಕಿಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸುತ್ತಾ ಹೋದರೆ ಬಿಸಿಗೆ ಮೇಲಿನ ಪದರ ಹಿಗ್ಗಿ ಕೆಳಗಿನಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಸಾಲಾಗಿ ತೂತು ಹಾಕಿ, ಉಳಿ ಇಟ್ಟು, ಸುತ್ತಿಗೆಯಲ್ಲಿ ಬಡಿದು ಬೇಕಾದ ಅಳತೆಗೆ ಸೀಳುತ್ತಾರೆ. ನಿಜಕ್ಕೂ ಕಸುಬು ಗೊತ್ತಿದ್ದವರು ಮಾತ್ರ ಮಾಡಬಹುದಾದ ಕೆಲಸ. ದೊಡ್ಡ ಕ್ವಾರಿಯಲ್ಲಿ ಕಂಪ್ರೆಸರ್ ಹಿಡಿದು ತೂತು ಕೊರೆದು ಮದ್ದು ಸಿಡಿಸುತ್ತಾರೆ. ಬಾವಲಿಯ ಕಡೆಯಿಂದ ಯೋಚಿಸಿ. ಬೆಂಕಿಯ ಹೊಗೆ ಬಂಡೆಯ ಸಂದಿಗಳಿಗೆ ಇಳಿಯುತ್ತದೆ. ಮದ್ದು ಸಿಡಿದಾಗ ಗುಹೆಯ ಚಾವಣಿಯೇ ನಡುಗುತ್ತದೆ, ಅಲ್ಲಿಗೇ ಕಾಲು ಸಿಕ್ಕಿಸಿಕೊಂಡು ತಲೆಕೆಳಗಾಗಿ ನೇತಾಡುವ ಪ್ರಾಣಿ ಇದು. ಬಾಣಂತಿ ಬಾವಲಿಯ ಮರಿ ಕೆಳಗೆ ಬಿದ್ದರೆ ಅದರ ಕಥೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಇದೆಲ್ಲಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದ್ದು. ಹೊಸ ಬಿರುಕು ಬಿಟ್ಟರೆ ಗುಹೆಯೊಳಗೆ ಗಾಳಿ ಓಡಾಡುವ ದಾರಿಯೇ ಬದಲಾಗುತ್ತದೆ. ಹೊರಗೆ ಕೋಲಾರದ ಏಪ್ರಿಲ್ ಬಿಸಿಲು ಹೇಗಿದ್ದರೂ ಒಳಗೆ ಒಂದೇ ಹದದ ಬೆಚ್ಚಗೆ, ಒಂದೇ ಹದದ ತೇವ ಇರುವುದಕ್ಕೇ ಬಾವಲಿಗಳು ಅಲ್ಲಿ ಉಳಿದಿರುವುದು. ಆ ಹದ ತಪ್ಪಿದರೆ ಗುಹೆ ಬಿದ್ದುಹೋಗದಿದ್ದರೂ ಬಾವಲಿಗೆ ಅದು ಮನೆಯಾಗಿ ಉಳಿಯುವುದಿಲ್ಲ.

ಹನುಮನಹಳ್ಳಿಯ ಸುತ್ತ ಅಕ್ರಮವಾಗಿ ಗ್ರಾನೈಟ್ ತೆಗೆಯುತ್ತಿದ್ದದ್ದೇ ಈ ಜಾತಿಗೆ ಇರುವ ದೊಡ್ಡ ಅಪಾಯ ಅಂತ ಸಂಶೋಧಕರು ಗುರುತಿಸಿದರು. ತಡೆಯೋಣ ಅಂದರೆ ಯಾವ ಕಾನೂನಿನಲ್ಲಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ ಸಿಗುವ ಪಟ್ಟಿಯಲ್ಲಿ, ಭಾರತದ ಸುಮಾರು 130 ಜಾತಿ ಬಾವಲಿಗಳ ಪೈಕಿ ಬಹಳ ಕಾಲ ಇದ್ದದ್ದು ಎರಡೇ. ಒಂದು ಸಲೀಂ ಅಲಿ ಹಣ್ಣುಬಾವಲಿ, ಇನ್ನೊಂದು ರಾಟನ್‌ನ ಬಿಡಿಬಾಲದ ಬಾವಲಿ. ಹಣ್ಣು ತಿನ್ನುವ ಉಳಿದ ಬಾವಲಿಗಳು ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿದ್ದವು. ಆ ಪಟ್ಟಿಯನ್ನೇ ತೆಗೆದದ್ದು 2022ರ ತಿದ್ದುಪಡಿಯಲ್ಲಿ. ಹನುಮನಹಳ್ಳಿಯಲ್ಲಿ ಕಲ್ಲು ಒಡೆಯುತ್ತಿದ್ದ ದಿನಗಳಲ್ಲಿ ಪ್ರಪಂಚದಲ್ಲಿ ಒಂದೇ ಗುಹೆಯಲ್ಲಿ ಉಳಿದಿದ್ದ ಕೋಲಾರದ ಬಾವಲಿಗೆ ಆ ಕಾಯ್ದೆಯಲ್ಲಿ ಅಂಥ ಜಾಗವೇ ಇರಲಿಲ್ಲ.

ಈ ರಾಟನ್‌ನ ಬಾವಲಿಯದ್ದೂ ಕರ್ನಾಟಕದ್ದೇ ಕಥೆ, ಹೋಲಿಸಿ ನೋಡಲೇಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ತಳೇವಾಡಿ ಹತ್ತಿರ ಬಾರಾಪೇಡೆ ಗುಹೆ ಇದೆ. 1913ರಲ್ಲಿ ಹೆಸರು ಪಡೆದ ಈ ಬಾವಲಿ ದಶಕಗಟ್ಟಲೆ ಗೊತ್ತಿದ್ದದ್ದು ಆ ಗುಹೆಯಲ್ಲಿ ಮಾತ್ರ. ಎಷ್ಟೋ ವರ್ಷಗಳ ನಂತರ ಕಾಂಬೋಡಿಯಾದಲ್ಲಿ, ಮೇಘಾಲಯದಲ್ಲಿ ಸಿಕ್ಕಿತು. ಅದಕ್ಕೆ ಕಾಯ್ದೆಯ ರಕ್ಷಣೆ ಇತ್ತು, ಸುತ್ತ ಪಶ್ಚಿಮಘಟ್ಟದ ದಟ್ಟ ಕಾಡಿತ್ತು, 2011ರಲ್ಲಿ ಆ ಕಾಡು ಭೀಮಗಡ ವನ್ಯಜೀವಿಧಾಮವೂ ಆಯಿತು. ಒಂದೇ ರಾಜ್ಯ, ಎರಡೂ ಒಂದೊಂದು ಗುಹೆಯ ಬಾವಲಿ. ಒಂದಕ್ಕೆ ಕಾಡಿನ ಬೆಂಬಲ ಸಿಕ್ಕಿತು, ಇನ್ನೊಂದಕ್ಕೆ ಇದ್ದದ್ದು ಬರೀ ಬಂಡೆ. ಬಯಲುಸೀಮೆಯ ಕಲ್ಲುಗುಡ್ಡ ಅಂದರೆ ನಮ್ಮ ದಾಖಲೆಗಳಲ್ಲಿ ಸಾಮಾನ್ಯವಾಗಿ ಖರಾಬು, ಇಲ್ಲವೇ ಗೋಮಾಳ. ಖರಾಬು ಅಂದರೆ ಸಾಗುವಳಿಗೆ ಬಾರದ ಜಮೀನು. ಬೆಳೆ ಬಾರದ ಜಾಗದಲ್ಲಿ ಬೇರೆ ಏನೂ ಇಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ, ಹಾಗಾಗಿ ಅಲ್ಲಿ ಕ್ವಾರಿಗೆ ಅರ್ಜಿ ಹಾಕಿದರೆ ಯಾರಿಗೂ ಆಶ್ಚರ್ಯವೇ ಆಗುವುದಿಲ್ಲ. ಕರ್ನಾಟಕದ ಉಪಖನಿಜ ರಿಯಾಯಿತಿ ನಿಯಮಗಳು, ಅಂದರೆ ಕಲ್ಲು, ಮರಳಿನಂಥವನ್ನು ತೆಗೆಯೋಕೆ ಅನುಮತಿ ಕೊಡುವ ನಿಯಮಗಳು, ಬಂದದ್ದು 1994ರಲ್ಲಿ, ಈ ಬಾವಲಿಗೆ ಹೆಸರು ಸಿಕ್ಕ ವರ್ಷವೇ. ಕಲ್ಲು ತೆಗೆಯೋಕೆ ನಿಯಮ ಬಂತು, ಕಲ್ಲಿನೊಳಗೆ ಇದ್ದದ್ದಕ್ಕೆ ಹೆಸರಷ್ಟೇ ಬಂತು.

ಹಾಗಿದ್ದೂ ಈ ಪ್ರಕರಣ ಒಂದು ಒಳ್ಳೆಯ ತಿರುವು ತಗೊಂಡಿತು. ಉಸ್ಮಾನಿಯಾ ತಂಡ, ಬೆಂಗಳೂರಿನ ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟ್, ಅರಣ್ಯ ಇಲಾಖೆ ಕೈಜೋಡಿಸಿದವು. ಸರ್ಕಾರ ಅಲ್ಲಿನ ಅಕ್ರಮ ಗಣಿಗಾರಿಕೆ ನಿಲ್ಲಿಸಿತು, ಗುಹೆಯ ಸುತ್ತಲಿನ 30 ಎಕರೆಯನ್ನು ರಕ್ಷಿತ ಜಾಗ ಅಂತ ಘೋಷಿಸುವ ಕೆಲಸಕ್ಕೂ ಕೈಹಾಕಿತು. ಹುಲಿಯಂಥ ಆಕರ್ಷಣೆ ಇಲ್ಲದ, ಫೋಟೋ ನೋಡಿದರೆ ಅರ್ಧ ಜನ ಮುಖ ತಿರುಗಿಸುವ ಪ್ರಾಣಿಗೋಸ್ಕರ ಇಷ್ಟು ಆದದ್ದು ನನ್ನ ಪ್ರಕಾರ ಬಹಳ ದೊಡ್ಡದು. ಬೇರೆ ರಾಜ್ಯದಿಂದ ಬಂದು ಕೋಲಾರದ ಬಿಸಿಲಲ್ಲಿ ಬಂಡೆ ಸಂದಿಗಳನ್ನು ತಡಕಿದವರಿಗೆ ನಾವು ಋಣಿಗಳು.

30 ಎಕರೆ ಸಾಕಾ? ಇದನ್ನು ಗಟ್ಟಿಯಾಗಿ ಕೇಳಬೇಕು. 30 ಎಕರೆ ಅಂದರೆ ಸುಮಾರು 12 ಹೆಕ್ಟೇರ್. ಗುಹೆಯನ್ನು, ಗುಡ್ಡವನ್ನು ಉಳಿಸಿಕೊಳ್ಳೋಕೆ ಇದು ಮೊದಲ ಹೆಜ್ಜೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಬಾವಲಿ ಗುಹೆಯಲ್ಲಿ ಮಲಗುತ್ತದೆ, ಊಟಕ್ಕೆ ಹೊರಗೆ ಬರಲೇಬೇಕು. ಮೇಲೆ ಹೇಳಿದ್ದು ಇಲ್ಲಿ ಬೇಕಾಗುತ್ತದೆ ನೋಡಿ. ಇದರ ಸ್ವರ ಕೆಲವೇ ಮೀಟರ್ ಮುಟ್ಟುವಂಥದ್ದು, ಹಾರಾಟ ಗಿಡಗಳ ಪಕ್ಕದಲ್ಲಿ. ಅಂದಮೇಲೆ ಗುಡ್ಡದ ಬುಡದಿಂದ ಹೊಲಗಳ ಕಡೆಗೆ ಹೋಗುವ ಬೇಲಿಸಾಲು, ಹೊಂಗೆ, ಹುಣಸೆ, ಕುರುಚಲು, ಇವೆಲ್ಲ ಅದಕ್ಕೆ ಓಡಾಡುವ ದಾರಿ, ಊಟದ ಜಾಗ ಎರಡೂ ಆಗುತ್ತವೆ. ಬೇಲಿಯ ಗಿಡ ಕಡಿದು ತಂತಿ ಎಳೆದರೆ ನಮಗೆ ಜಮೀನು ಚೊಕ್ಕ ಆಯಿತು ಅನ್ನಿಸುತ್ತದೆ, ಬಾವಲಿಗೆ ದಾರಿಯೇ ಕಡಿದುಹೋಯಿತು.

ಆಮೇಲೆ ಔಷಧಿ. ಕೋಲಾರ ಟೊಮೆಟೊ ಸೀಮೆ, ಟೊಮೆಟೊಗೆ ಹೊಡೆಯುವ ಕೀಟನಾಶಕದ ಪ್ರಮಾಣ ಅಲ್ಲಿನ ರೈತರಿಗೇ ಗೊತ್ತು. ಹುಳ ಕಮ್ಮಿಯಾದರೆ ಹುಳ ತಿನ್ನುವ ಪ್ರಾಣಿಗೆ ಹೊಟ್ಟೆ ತುಂಬಲ್ಲ, ಔಷಧಿ ತಾಗಿದ ಹುಳ ತಿಂದರೆ ಅದೂ ಒಳಗೆ ಸೇರುತ್ತದೆ. ಆದರೆ ಅದೇ ಕೋಲಾರ ರೇಷ್ಮೆ ಸೀಮೆಯೂ ಹೌದು ಅಲ್ವಾ? ಹಿಪ್ಪುನೇರಳೆ ಇರುವ ಕಡೆ ರೈತರು ಔಷಧಿಗೆ ಬಹಳ ಹೆದರುತ್ತಾರೆ, ಪಕ್ಕದ ಹೊಲದವರು ಹೊಡೆದರೂ ಜಗಳಕ್ಕೆ ಹೋಗುತ್ತಾರೆ, ಯಾಕೆಂದರೆ ಸೊಪ್ಪಿಗೆ ಒಂಚೂರು ತಾಗಿದರೂ ಮನೆಯಲ್ಲಿರುವ ರೇಷ್ಮೆಹುಳು ಸಾಯುತ್ತದೆ. ಗುಡ್ಡದ ಸುತ್ತ ಹಿಪ್ಪುನೇರಳೆ ಬೆಳೆಯುವವರಿಗೆ ರೇಷ್ಮೆ ಇಲಾಖೆಯ ಸಹಾಯ ಒಂದು ಪಟ್ಟು ಜಾಸ್ತಿ ಸಿಕ್ಕರೆ ರೈತರಿಗೂ ದಾರಿ, ಬಾವಲಿಗೂ ದಾರಿ. ಇದು ನನ್ನ ಸಲಹೆ. 30 ಎಕರೆಯ ಗಡಿ ದಾಟಿ ಯೋಚಿಸಬೇಕಾದ್ದು ಹೀಗೇ ಅಂತ ನನ್ನ ನಂಬಿಕೆ.

ಊರಿನವರ ಮಾತಿಲ್ಲದೆ ಇದು ಯಾವುದೂ ನಿಲ್ಲುವುದಿಲ್ಲ. ಬಾವಲಿ ಮನೆಯೊಳಗೆ ಬಂದರೆ ಅಪಶಕುನ ಅನ್ನುವ ಮಾತು ಹಳೆಯದು. 2018ರಲ್ಲಿ ಕೇರಳದಲ್ಲಿ ನಿಪಾ ಬಂದ ಮೇಲೆ, 2020ರಲ್ಲಿ ಕೊರೋನಾ ಬಂದ ಮೇಲೆ ಹೆದರಿಕೆಗೆ ಹೊಸ ಕಾರಣ ಸಿಕ್ಕಿತು. ನಿಪಾ ವೈರಸ್ಸಿನ ನಂಟು ಇರುವುದು ದೊಡ್ಡ ಹಣ್ಣುಬಾವಲಿಗಳ ಜೊತೆ. ಕೊರೋನಾ ಸಮಯದಲ್ಲಂತೂ ದಕ್ಷಿಣ ಏಷ್ಯಾದ 64 ಮಂದಿ ಬಾವಲಿ ತಜ್ಞರು ಸೇರಿ, ಬಾವಲಿಗಳು ಮನುಷ್ಯರಿಗೆ ಈ ರೋಗ ಹರಡುತ್ತಿಲ್ಲ, ಅವುಗಳನ್ನು ಕೊಲ್ಲಬೇಡಿ ಅಂತ ಕೇಳಿಕೊಳ್ಳಬೇಕಾಯಿತು. ಗುಹೆ ಅದರ ಪಾಡಿಗೆ ಇದ್ದರೆ, ನಾವು ನಮ್ಮ ಪಾಡಿಗೆ ಇದ್ದರೆ ಇಬ್ಬರಿಗೂ ಕ್ಷೇಮ. ಗುಹೆಗೆ ಹೊಗೆ ಹಾಕಿ ಓಡಿಸಿದರೆ ದಿಕ್ಕೆಟ್ಟ ಬಾವಲಿಗಳು ಬಂದು ಸೇರುವುದು ಜನರ ಹತ್ತಿರಕ್ಕೇ. ಹಳ್ಳಿಯಲ್ಲಿ ಇದನ್ನು ಹೇಳಬೇಕಾದವರು ಆಶಾ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರು. ಅವರ ಮಾತಿಗೆ ಇರುವ ತೂಕ ಹೊರಗಿನಿಂದ ಬಂದವರ ಭಾಷಣಕ್ಕೆ ಇರಲ್ಲ.

ಇನ್ನು ಬಂದೋಬಸ್ತಿನ ವಿಷಯ. ಗುಹೆ ಕಾಯಬೇಕು ಅಂದ ಕೂಡಲೇ ಬಾಯಿಗೆ ಕಬ್ಬಿಣದ ಗೇಟ್ ಹಾಕಿಬಿಡೋಣ ಅನ್ನುವವರು ಇದ್ದೇ ಇರುತ್ತಾರೆ. ದಯವಿಟ್ಟು ಬೇಡ. ಗೇಟಿನ ಸರಳುಗಳ ಅಂತರ, ದಿಕ್ಕು ಸ್ವಲ್ಪ ತಪ್ಪಿದರೂ ಬಾವಲಿಗಳು ಗುಹೆಯನ್ನೇ ಬಿಟ್ಟುಹೋದ ಉದಾಹರಣೆಗಳು ಬೇರೆ ದೇಶಗಳಲ್ಲಿವೆ. ಗಾಳಿ ಓಡಾಟವೂ ಬದಲಾಗಬಹುದು. 200 ಕೂಡ ಇಲ್ಲದ ಜಾತಿಯ ಮೇಲೆ ಅಂಥ ಪ್ರಯೋಗ ಮಾಡಬಾರದು. ಗುಡ್ಡಕ್ಕೆ ಲಾರಿ ಹತ್ತುವ ದಾರಿಗೆ ಅಡ್ಡ ಹಾಕಿ, ಗುಹೆಯ ಬಾಯಿಯನ್ನು ಹಾಗೇ ಬಿಡಿ. ಕಾಯೋಕೆ ಊರಿನವರನ್ನೇ ಸಂಬಳಕ್ಕೆ ಇಟ್ಟುಕೊಳ್ಳಬಹುದು, ಕಲ್ಲಿನ ಕೆಲಸ ಕಳಕೊಂಡವರಿಗೆ ಮೊದಲ ಅವಕಾಶ ಕೊಟ್ಟು. ಬಂಡೆಯ ಸಂದು ಸಂದು ಗೊತ್ತಿರುವುದು ಅವರಿಗೇ.

ಕಾನೂನಿನಲ್ಲಿ ದಾರಿಗಳು ಇಲ್ಲದೇ ಇಲ್ಲ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪಾರಂಪರಿಕ ತಾಣ ಅಂತ ಘೋಷಿಸೋಕೆ ಅವಕಾಶ ಇದೆ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆತೋಪಿಗೆ 2007ರಲ್ಲಿ ಆ ಮಾನ್ಯತೆ ಸಿಕ್ಕಿತು, ದೇಶದಲ್ಲೇ ಮೊದಲನೆಯದು. ಕಾಡಲ್ಲದ, ಬಯಲುಸೀಮೆಯ ಜಾಗವೊಂದಕ್ಕೆ ಹಾಗೆ ರಕ್ಷಣೆ ಕೊಡಬಹುದು ಅಂತ ನಾವೇ ತೋರಿಸಿಕೊಟ್ಟಿದ್ದೇವೆ. ಅದೇ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವವೈವಿಧ್ಯದ ದಾಖಲೆ ಪುಸ್ತಕವನ್ನು ಅದು ಬರೆಸಿಡಬೇಕು. ಹನುಮನಹಳ್ಳಿಯ ಗುಡ್ಡ ಆ ಪುಸ್ತಕದ ಮೊದಲ ಪುಟದಲ್ಲಿರಬೇಕು. ಅಲ್ಲಿಂದ ಕಂದಾಯ ಇಲಾಖೆಯ ದಾಖಲೆಗೂ, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಕ್ಷೆಗೂ ಸರ್ವೆ ನಂಬರ್ ಸಮೇತ ಏರಬೇಕು. ಅಧಿಕಾರಿಗಳು ವರ್ಗವಾಗುತ್ತಾರೆ, ಕಾಳಜಿ ಇದ್ದವರು ಹೋಗಿ ಬೇರೆಯವರು ಬರುತ್ತಾರೆ, ದಾಖಲೆಯಲ್ಲಿ ಬರೆದದ್ದು ಮಾತ್ರ ಮುಂದಿನವರ ಕೈಗೆ ಸಿಗುತ್ತದೆ.

ಕಡೆಯದಾಗಿ ತೇರಹಳ್ಳಿ. ಅಲ್ಲಿ ಬಾವಲಿ ಇಲ್ಲ ಅಂತ ಆ ಗುಹೆಯನ್ನು ಲೆಕ್ಕದಿಂದ ಬಿಟ್ಟುಬಿಡೋದು ದೊಡ್ಡ ನಷ್ಟ. ಹುಳ ತಿನ್ನುವ ಇಂಥ ಬಾವಲಿಗಳನ್ನು ಮೃಗಾಲಯದಲ್ಲಿ ಸಾಕಿ ಹೆಚ್ಚು ಮಾಡೋದು ಬಹಳ ಕಷ್ಟ, ಹಾರುತ್ತಾ ಹಿಡಿದು ತಿನ್ನುವುದಕ್ಕೆ ಹುಟ್ಟಿದ ಪ್ರಾಣಿಗೆ ಬೋಗುಣಿಯಲ್ಲಿ ಊಟ ಇಟ್ಟರೆ ಆಗಲ್ಲ. ಹನುಮನಹಳ್ಳಿಯಲ್ಲಿ ನಾಳೆ ಒಂದು ರೋಗವೋ, ಒಂದು ಬೆಂಕಿಯೋ, ಒಂದು ಕುಸಿತವೋ ಆದರೆ ಈ ಜಾತಿಗೆ ಬೇರೆ ಗತಿ ಇಲ್ಲ. ಎರಡನೆಯ ಮನೆ ಎಲ್ಲಾದರೂ ಆಗಬಹುದು ಅನ್ನುವುದಾದರೆ, ಹಿಂದೆ ಅವು ನಿಜವಾಗಿಯೂ ಬದುಕಿದ್ದ ಜಾಗದಲ್ಲೇ ಆಗೋ ಸಾಧ್ಯತೆ ಜಾಸ್ತಿ. ಅಂತರಗಂಗೆ, ತೇರಹಳ್ಳಿ ಬೆಟ್ಟದ ಕಡೆಗೆ ವಾರಾಂತ್ಯಕ್ಕೆ ಬೆಂಗಳೂರಿನಿಂದ ಚಾರಣಿಗರು ಬರುತ್ತಾರೆ, ರಾತ್ರಿ ಟಾರ್ಚ್ ಹಿಡಿದು ಗುಹೆ ಹೊಕ್ಕು ಹೊರಡುವ ಚಾರಣಗಳಿಗೆ ಒಳ್ಳೆಯ ಬೇಡಿಕೆಯೂ ಇದೆ. ಬೆಟ್ಟ ಹತ್ತೋದಕ್ಕೆ ಯಾರ ಅಡ್ಡಿಯೂ ಬೇಡ. ಬಾವಲಿ ಹಿಂದೆ ಇದ್ದ ಗುಹೆಗೆ ಮಾತ್ರ ಚಾರಣ, ಬೆಂಕಿ, ಕಲ್ಲಿನ ಕೆಲಸ ಮೂರನ್ನೂ ನಿಲ್ಲಿಸಿ, ಶಬ್ದ ಹಿಡಿಯುವ ಉಪಕರಣವೊಂದನ್ನು ಅಲ್ಲಿ ವರ್ಷಪೂರ್ತಿ ಇಡಲಿ. ಸರ್ಕಾರಕ್ಕೆ ಹೋಗುವ ಮುಂದಿನ ಪ್ರಸ್ತಾವನೆಯಲ್ಲಿ ಎರಡೂ ಊರಿನ ಗುಹೆಗಳು ಒಟ್ಟಿಗೆ ಇರಬೇಕು.